ಕೊಬ್ಬರಿ ಅಟ್ಟದ ಮೇಲೆ, ಮೇಕೆ ಕೆಸರಿನಲ್ಲಿ

ತೇವ ತಾಗದಂತೆ ಕಾಯಿಯನ್ನು ತಿಂಗಳುಗಟ್ಟಲೆ ಕಾಪಾಡುವ ವಿದ್ಯೆ ಕಲ್ಪತರು ನಾಡಾದ ತಿಪಟೂರು ಸೀಮೆಗೆ ಕರಗತ. ಅದೇ ಮನೆಯ ಹಿತ್ತಲಲ್ಲಿ ಮೇಕೆ ಕೆಮ್ಮುತ್ತದೆ, ಕುಂಟುತ್ತದೆ. ಮೇಲಿಂದ ಬೀಳುವ ಹನಿಗಿಂತ ಕಾಲಡಿಯ ಹಸಿಯೇ ಅದರ ದೊಡ್ಡ ಶತ್ರು!

ಹುಬ್ಬೆ ಮಳೆ ಕಳೆದು ಉತ್ತರೆ ಹಿಡಿಯುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಬೆಳಕು ಮಂಕಾಗುತ್ತದೆ. ಗರಿಗಳು ಒಂದೇ ದಿಕ್ಕಿಗೆ ಬಾಗಿ ಸರಗುಟ್ಟುತ್ತವೆ, ಒಣಗಿದ ಗರಿಯೊಂದು ಕಳಚಿ ದೊಪ್ಪನೆ ಬೀಳುತ್ತದೆ, ಮೊದಲ ದಪ್ಪ ಹನಿಗಳು ಬದುವಿನ ಮಣ್ಣು ಮುಟ್ಟುವ ಮುಂಚೆಯೇ ಮೇಕೆಗಳ ಹಿಂಡು ಕಾಯುವವರ ಕೂಗಿಗೂ ಕಾಯದೆ ಹಟ್ಟಿಯತ್ತ ಓಟ ಕೀಳುತ್ತದೆ. ಎಮ್ಮೆ ಮಳೆಯಲ್ಲೇ ನಿಂತು ಮೆಲುಕು ಹಾಕುತ್ತದೆ, ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ; ಮೇಕೆಗೆ ಮಾತ್ರ ಆ ತಾಳ್ಮೆಯಿಲ್ಲ.

ಇದು ಬರಿಯ ಪುಕ್ಕಲುತನವಲ್ಲ, ಮೈಕಟ್ಟಿನ ಲೆಕ್ಕಾಚಾರ. ಕುರಿಯ ಉಣ್ಣೆಯಲ್ಲಿ ಲ್ಯಾನೋಲಿನ್ ಎಂಬ ಜಿಡ್ಡು, ಅಂದರೆ ಚರ್ಮದ ಗ್ರಂಥಿಗಳಿಂದ ಒಸರುವ ಮೇಣದಂಥ ವಸ್ತು, ಸೇರಿಕೊಂಡು ನೀರನ್ನು ಹೊರಗೇ ಜಾರಿಸುತ್ತದೆ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ ಮೈಬಿಸಿಯನ್ನು ಹಿಡಿದಿಡುತ್ತದೆ. ಈ ಸೀಮೆಯ ನಾಟಿ ಮೇಕೆಯ ಕೂದಲು ಗಿಡ್ಡ, ನುಣುಪು, ಜಿಡ್ಡಿಲ್ಲದ್ದು. ಅದರ ಕೊಬ್ಬು ಕೂಡ ಚರ್ಮದಡಿ ಹರಡಿಕೊಳ್ಳದೆ ಹೆಚ್ಚಾಗಿ ಹೊಟ್ಟೆಯೊಳಗೆ, ಮೂತ್ರಪಿಂಡ ಮತ್ತು ಕರುಳಿನ ಸುತ್ತ ಶೇಖರವಾಗುತ್ತದೆ. ಹೀಗಾಗಿ ಜೋರು ಮಳೆಯ ನೀರು ಕೆಲವೇ ನಿಮಿಷಗಳಲ್ಲಿ ಚರ್ಮಕ್ಕಿಳಿಯುತ್ತದೆ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಮೈಶಾಖವನ್ನು ಕಾಪಾಡಿಕೊಳ್ಳಲು ಪ್ರಾಣಿ ತಿಂದದ್ದನ್ನೆಲ್ಲ ಉರಿಸಬೇಕಾಗುತ್ತದೆ.

ತುಮಕೂರು ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಆಸುಪಾಸಿನದು, ಆಗುಂಬೆಯಲ್ಲಿ ಇಷ್ಟು ಮಳೆ ಆಷಾಢದ ಒಂದೆರಡು ವಾರಗಳಲ್ಲೇ ಸುರಿದುಹೋಗುವುದುಂಟು. ತೊಂದರೆಯಿರುವುದು ಈ ಕೊರತೆಯಲ್ಲೇ. ಮಲೆನಾಡಿನವರು ಮಳೆಗೆ ಸಿದ್ಧರಾಗಿರುತ್ತಾರೆ, ಬಯಲುಸೀಮೆಯವರು ಮಳೆಗೆ ಕಾದಿರುತ್ತಾರೆ. ಕಾದದ್ದು ಬಂದಾಗ ಬೆಳೆಯ ಕಡೆ ಹೋದ ಗಮನ ಕೊಟ್ಟಿಗೆಯ ಕಡೆ ಹೊರಳುವುದಿಲ್ಲ. 2021ರ ನವೆಂಬರಿನಲ್ಲಿ ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳೆತು ಹುಲ್ಲು ಕಪ್ಪಾದದ್ದು, 2022ರಲ್ಲಿ ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಬಿದ್ದದ್ದು ಇನ್ನೂ ಹಸಿಹಸಿ ನೆನಪು. ಕೋಡಿ ಹರಿದ ಕೆರೆಗೆ ಬಾಗಿನ ಬಿಟ್ಟ ಊರುಗಳಲ್ಲೇ ಕುಂಟುವ ಮೇಕೆಗಳ ಸಂಖ್ಯೆಯೂ ಏರುತ್ತದೆ ಎಂಬುದು ಸಂಭ್ರಮದ ಸುದ್ದಿಗಳ ನಡುವೆ ಕಾಣಿಸಿಕೊಳ್ಳದ ಸಂಗತಿ.

> ಮಳೆ ನಕ್ಷತ್ರ, ಮಾಂಸದ ಹಬ್ಬ
>
> ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು–ಹದಿನಾಲ್ಕು ದಿನಗಳನ್ನು ಒಂದು ‘ಮಳೆ’ ಎಂದು ಎಣಿಸುವುದು ರೈತರ ಪಂಚಾಂಗ. ಆಗಸ್ಟ್ ಕೊನೆಗೆ ಹುಬ್ಬೆ, ಸೆಪ್ಟೆಂಬರ್ ನಡುವೆ ಉತ್ತರೆ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ. ಈ ಸೀಮೆಗೆ ವರ್ಷದ ಹೆಚ್ಚಿನ ಮಳೆ ಬೀಳುವ ಕಾಲ ಇದು. ಪಿತೃಪಕ್ಷದ ಹಿರಿಯರ ಹಬ್ಬ, ಮಾರನವಮಿ ಬರುವುದೂ, ಹೋತಕ್ಕೆ ಒಳ್ಳೆಯ ಬೆಲೆ ಕುದುರುವುದೂ ಇದೇ ದಿನಗಳಲ್ಲಿ. ಮೇಕೆ ಅತಿ ಹೆಚ್ಚು ಬೆಲೆ ಬಾಳುವ ತಿಂಗಳೇ ಅದು ಅತಿ ಹೆಚ್ಚು ಸೊರಗುವ ತಿಂಗಳು.

ತೇವದ ವಿರುದ್ಧದ ಹೋರಾಟದಲ್ಲಿ ಈ ನಾಡಿನವರಿಗೆ ಹೊರಗಿನವರು ಕಲಿಸಬೇಕಾದದ್ದು ಕಡಿಮೆ. ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿ, ಅಂದರೆ ಹೋಳಾಗಿಸದೆ ಇಡಿಯಾಗಿ ಒಣಗಿಸಿದ ಕೊಬ್ಬರಿ, ತಯಾರಾಗುವುದು ಅಟ್ಟದ ಮೇಲೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಒಂಬತ್ತರಿಂದ ಹನ್ನೊಂದು ತಿಂಗಳು ಅಲ್ಲಿ ಪೇರಿಸಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದಾಗ ಗುಡುಗುಡು ಸದ್ದು ಮಾಡುತ್ತದೆ. ಆ ಅಟ್ಟದ ನೆಲ ಹಲಗೆ ಹಾಸಿ ಮುಚ್ಚಿದ್ದಲ್ಲ. ದಬ್ಬೆಗಳ ನಡುವೆ ಸಂದು ಬಿಟ್ಟು, ಕೆಳಗಿನಿಂದ ಗಾಳಿ ಏರಿ ರಾಶಿಯ ಮೂಲಕ ಹಾದು ಸೂರಿನ ಕಂಡಿಯಿಂದ ಹೊರಹೋಗುವಂತೆ ಕಟ್ಟಿದ್ದು. ಮುಂಗಾರಿನ ಥಂಡಿಗೆ ಒಂದು ಕಾಯಿಗೆ ಬೂಷ್ಟು ಹಿಡಿದರೂ ಮನೆಯವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ.

ಎತ್ತರ, ಸಂದು, ಸೂರು, ಗಾಳಿ: ಕೊಬ್ಬರಿಯನ್ನು ಉಳಿಸುವ ಈ ನಾಲ್ಕೂ ಮೇಕೆಯನ್ನೂ ಉಳಿಸುತ್ತವೆ. ಆದರೆ ಬಹುತೇಕ ಮನೆಗಳಲ್ಲಿ ಮೇಕೆಗೆ ದಕ್ಕಿರುವುದು ಸೂರು ಮಾತ್ರ.

ಇದಕ್ಕೊಂದು ಹಿನ್ನೆಲೆಯಿದೆ. ಹಿಂದೆ ಗೊಲ್ಲರಹಟ್ಟಿಗಳ, ಕುರುಬರ ಕೇರಿಗಳ ಹಿಂಡು ಹಗಲೆಲ್ಲ ಗೋಮಾಳ, ಕಾವಲುಗಳಲ್ಲಿ ಮೇದು, ಇರುಳಿಗೆ ರೊಪ್ಪ ಸೇರುತ್ತಿತ್ತು. ರೊಪ್ಪವೆಂದರೆ ಕಾರೆ, ಜಾಲಿಯ ಮುಳ್ಳಿನ ಬೇಲಿಯೊಳಗಿನ ಬಯಲು ದೊಡ್ಡಿ. ನೀರು ನಿಲ್ಲದ ದಿನ್ನೆಯಲ್ಲಿ ಅದನ್ನು ಹಾಕಿದರೆ, ಸೂರಿಲ್ಲದಿದ್ದರೂ ಮಳೆ ನಿಂತ ಗಂಟೆಯೊಳಗೆ ನೆಲ ಆರುತ್ತಿತ್ತು. ಗೋಮಾಳ ಕರಗಿ, ಹೇಮಾವತಿ ನಾಲೆಯ ನೀರೂ ಕೊಳವೆಬಾವಿಯೂ ಬಂದು ತೋಟ ಹಬ್ಬಿದಂತೆ ಹಿಂಡು ಐದು–ಹತ್ತಕ್ಕಿಳಿದು ಹಿತ್ತಲಿಗೆ, ತೆಂಗಿನ ಸಾಲುಗಳ ನಡುವಿನ ಸಮತಟ್ಟು ನೆಲಕ್ಕೆ ಬಂತು. ಆ ನೆಲಕ್ಕೆ ಬೇಸಿಗೆಯಲ್ಲೂ ನೀರು ಹಾಯುತ್ತದೆ, ಮಳೆಗಾಲದಲ್ಲಿ ನೆರಳಿನಿಂದಾಗಿ ಅದು ಆರುವುದೇ ಇಲ್ಲ. ತುರುವೇಕೆರೆಯ ಹೆಸರಿನಲ್ಲಿರುವ ‘ತುರು’ ಹಳಗನ್ನಡದಲ್ಲಿ ಆಕಳು. ಆಕಳಿಗೆ ಕಲ್ಲುಚಪ್ಪಡಿಯ ಕೊಟ್ಟಿಗೆ, ಗೋದಲಿ, ಗಂಜಲ ಹರಿಯುವ ಕಾಲುವೆ ಎಲ್ಲವೂ ಉಂಟು, ಮೇಕೆಯನ್ನು ಮಾತ್ರ ಎಲ್ಲಿ ಬೇಕಾದರೂ ಕಟ್ಟಬಹುದೆಂಬ ಉದಾಸೀನ ಉಳಿದುಬಂದಿದೆ.

ಹಸಿ ನೆಲದಲ್ಲಿ ನಡೆಯುವುದು ಸರಳ ರಸಾಯನ. ಮೂತ್ರದಲ್ಲಿರುವ ಯೂರಿಯಾವನ್ನು ಹಿಕ್ಕೆಯಲ್ಲಿರುವ ಸೂಕ್ಷ್ಮಾಣುಗಳು ಒಡೆದು ಅಮೋನಿಯಾ ಅನಿಲವನ್ನು ಹೊರಬಿಡುತ್ತವೆ. ಒಣ ನೆಲದಲ್ಲಿ ಹಿಕ್ಕೆ ಬೇಗ ಆರಿ ಈ ಕ್ರಿಯೆ ಮಂದವಾಗುತ್ತದೆ, ಒದ್ದೆ ನೆಲದಲ್ಲಿ ಅದು ರಾತ್ರಿಯಿಡೀ ಸಾಗುತ್ತದೆ. ಅನಿಲ ಅತಿ ದಟ್ಟವಾಗಿರುವುದು ಅದು ಹುಟ್ಟುವ ನೆಲದ ಹತ್ತಿರ; ಮಲಗಿದ ಮೇಕೆಯ ಮೂಗು ಇರುವುದೂ ಅಲ್ಲೇ. ಶ್ವಾಸನಾಳದ ಒಳಮೈಯಲ್ಲಿ ದೂಳನ್ನೂ ರೋಗಾಣುಗಳನ್ನೂ ಹೊರದೂಡುವ ನವಿರು ರೋಮಗಳಿಗೆ ಅಮೋನಿಯಾ ಹೊಡೆತ ಕೊಡುತ್ತದೆ, ಆರೋಗ್ಯವಂತ ಪ್ರಾಣಿಯ ಗಂಟಲಲ್ಲೇ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕಿಳಿಯುತ್ತವೆ. ‘ಮಳೇಲಿ ನೆಂದು ಶೀತ ಆಯ್ತು’ ಎಂದು ಹಳ್ಳಿಗಳಲ್ಲಿ ಹೇಳುವ ನ್ಯುಮೋನಿಯಾದ ಎಷ್ಟೋ ಪ್ರಕರಣಗಳಲ್ಲಿ ನೆನೆದದ್ದಕ್ಕಿಂತ ಇಂಥ ಗಾಳಿಯ ಪಾಲೇ ದೊಡ್ಡದು.

ಅತಿ ಪ್ರೀತಿಯಿಂದ ಮಾಡುವ ತಪ್ಪೂ ಇಲ್ಲೇ ಆಗುತ್ತದೆ. ಜಡಿ ಹಿಡಿದ ಕೂಡಲೇ ಶೆಡ್ಡಿನ ನಾಲ್ಕೂ ಕಡೆಗೆ ನೀಲಿ ಟಾರ್ಪಾಲು, ಗೊಬ್ಬರದ ಚೀಲ ಬಿಗಿದು, ಸೊಳ್ಳೆಗೆಂದು ಒಳಗೆ ಬೇವಿನ ಸೊಪ್ಪು, ತೆಂಗಿನ ನಾರಿನ ಹೊಗೆ ಹಾಕುತ್ತಾರೆ. ಎರಚಲು ನಿಲ್ಲುತ್ತದೆ, ನಿಜ. ಜೊತೆಗೆ ಮೇಕೆಗಳ ಉಸಿರಿನ ಆವಿ, ಅಮೋನಿಯಾ, ಹೊಗೆ ಮೂರೂ ಒಳಗೇ ಉಳಿದು, ಬೆಳಿಗ್ಗೆ ತಗಡಿನ ಒಳಮೈಯಿಂದ ನೀರಹನಿ ತೊಟ್ಟಿಕ್ಕತೊಡಗುತ್ತದೆ. ಹೊರಗಿನ ಮಳೆಯನ್ನು ತಡೆದು ಒಳಗೊಂದು ಮಳೆ ಬರಿಸಿಕೊಂಡಂತಾಯಿತು.

ಮುಚ್ಚಬೇಕಾದದ್ದು ಒಂದೇ ಪಕ್ಕ, ಅದೂ ಗಾಳಿಯ ದಿಕ್ಕು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಸೋನೆ ಪಡುವಣ ಗಾಳಿಯೊಡನೆ ಬರುತ್ತದೆ. ಅಕ್ಟೋಬರಿನ ಹೊತ್ತಿಗೆ ಹಿಂಗಾರು ಹಿಡಿದು ಗಾಳಿ ಮೂಡಣ–ಈಶಾನ್ಯಕ್ಕೆ ತಿರುಗುತ್ತದೆ. ಆದುದರಿಂದ ಆಷಾಢದಲ್ಲಿ ಪಡುವಣಕ್ಕೆ ಕಟ್ಟಿದ ಪರದೆಯನ್ನು ಚಿತ್ತೆ ಮಳೆಗೆ ಬಿಚ್ಚಿ ಮೂಡಣಕ್ಕೆ ಕಟ್ಟಬೇಕಾಗುತ್ತದೆ. ಪರದೆ ನೆಲದಿಂದ ಮೂರು–ನಾಲ್ಕು ಅಡಿಯವರೆಗೆ ಬಂದು, ಅದರ ಮೇಲೆ ಸೂರಿನವರೆಗೂ ಬಯಲಾಗಿದ್ದರೆ ಮಲಗಿದ ಮೇಕೆಗೆ ಚಳಿಗಾಳಿ ತಾಗುವುದಿಲ್ಲ, ಬಿಸಿ ಏರಿದ ಕೆಟ್ಟ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಹೆಣೆದ ತೆಂಗಿನ ಗರಿಯ ತಡಿಕೆ ಇದಕ್ಕೆ ಟಾರ್ಪಾಲಿಗಿಂತ ಮೇಲು, ಏಕೆಂದರೆ ಅದು ನೀರನ್ನು ತಡೆದು ಗಾಳಿಯನ್ನು ಸೋಸಿ ಬಿಡುತ್ತದೆ. ಗರಿಗೆ ಬರವಿಲ್ಲದ ಊರುಗಳಲ್ಲಿ ಹೆಣೆಯುವ ಕೈಗಳಿಗೇ ಬರ ಬಂದಿರುವುದು ಬೇರೆ ಮಾತು.

ನೆಲದ ಹಸಿಗೆ ನಿಜವಾದ ಉತ್ತರ ಮೇಕೆಗೂ ಒಂದು ಅಟ್ಟ ಕಟ್ಟುವುದು. ಮಳೆ ಹೆಚ್ಚಿರುವ ಕೇರಳದಲ್ಲಿ ಮಲಬಾರಿ ಮೇಕೆಗಳನ್ನು ಕಂಬಗಳ ಮೇಲೆ ಎತ್ತರಿಸಿದ ಸಂದುನೆಲದ ಗೂಡುಗಳಲ್ಲಿ ಸಾಕುವುದು ರೂಢಿ. ಹಿಕ್ಕೆ, ಮೂತ್ರ ಎರಡೂ ಸಂದಿನಿಂದ ಕೆಳಕ್ಕಿಳಿದು, ಮಲಗುವ ಜಾಗ ತಾನಾಗಿಯೇ ಒಣಗಿರುತ್ತದೆ. ಕರ್ನಾಟಕದಲ್ಲೂ ಕಟ್ಟಿ ಮೇಯಿಸುವ ದೊಡ್ಡ ಶೆಡ್ಡುಗಳು ಈ ದಾರಿ ಹಿಡಿದಿವೆ, ಆದರೆ ಪ್ಲಾಸ್ಟಿಕ್ ನೆಲಹಾಸಿನ ಬೆಲೆ ಕೇಳಿ ಐದು ಮೇಕೆಯ ಮನೆ ಹಿಂದೆ ಸರಿಯುತ್ತದೆ. ಹಿಂದೆ ಸರಿಯಬೇಕಾದ ಕಾರಣವಿಲ್ಲ: ಸೀಳಿದ ಅಡಿಕೆ ದಬ್ಬೆ, ಹಳೆಯ ತೆಂಗಿನ ಮರದ ತೀರು, ಕೆಳಗೆ ನಾಲ್ಕು ಕಲ್ಲುಕಂಬ ಈ ಸೀಮೆಯ ಹಿತ್ತಲುಗಳಲ್ಲೇ ಬಿದ್ದಿರುತ್ತವೆ, ಅಟ್ಟ ಕಟ್ಟಬಲ್ಲ ಬಡಗಿಯೂ ಊರಲ್ಲೇ ಇರುತ್ತಾನೆ.

> ಮೇಕೆ ಅಟ್ಟದ ಅಳತೆ
>
> ನೆಲದಿಂದ ಎತ್ತರ ಮೂರರಿಂದ ಐದು ಅಡಿ. ಕೆಳಗೆ ನುಗ್ಗಿ ಗುಡಿಸುವಷ್ಟು ಎತ್ತರವಿದ್ದರೆ ಉತ್ತಮ. ದಬ್ಬೆಗಳ ನಡುವಿನ ಸಂದು ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ಇನ್ನೂ ಅಗಲವಾದರೆ ಮರಿಯ ಗೊರಸು ಸಿಕ್ಕಿ ಕಾಲು ಮುರಿಯುತ್ತದೆ, ಕಿರಿದಾದರೆ ಹಿಕ್ಕೆ ಇಳಿಯುವುದಿಲ್ಲ. ಬೆಳೆದ ಮೇಕೆಯೊಂದಕ್ಕೆ ಸುಮಾರು ಹತ್ತು ಚದರಡಿ, ಹೋತಕ್ಕೆ ಅದರ ಒಂದೂವರೆಯಿಂದ ಎರಡರಷ್ಟು. ಸೂರು ಗೋಡೆಯಿಂದ ಮೂರಡಿ ಮುಂದೆ ಚಾಚಿರಬೇಕು. ಏರುವ ಹಾದಿ ಇಳಿಜಾರಾಗಿದ್ದು ಅಡ್ಡಪಟ್ಟಿ ಬಡಿದಿರಬೇಕು. ಕೆಳಗೆ ಬಿದ್ದ ಹಿಕ್ಕೆ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.

ಅಟ್ಟ ಕಟ್ಟುವವರೆಗೆ ನೆಲವನ್ನೇ ನಂಬಬೇಕಾದವರು ಅದನ್ನು ಸುತ್ತಲಿನ ತೋಟಕ್ಕಿಂತ ಒಂದಡಿಯಾದರೂ ಏರಿಸಿ, ಇಳಿಜಾರು ಕೊಟ್ಟು, ಸೂರಿನ ನೀರು ಬೀಳುವಲ್ಲಿ ಕಾಲುವೆ ತೆಗೆಯುತ್ತಾರೆ. ಹಾಸಿಗೆಯ ವಿಷಯದಲ್ಲಿ ಮಾತ್ರ ತೆಂಗಿನ ನಾಡಿಗೆ ಒಂದು ಆಮಿಷ ಕಾದಿದೆ. ನಾರಿನ ಕಾರ್ಖಾನೆಗಳ ಮುಂದೆ ಗುಡ್ಡೆ ಬಿದ್ದಿರುವ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಬಲ್ಲದು. ಒಣಗಿದ ಪುಡಿಯನ್ನು ತೆಳುವಾಗಿ ಹರಡಿ ದಿನ ಬಿಟ್ಟು ದಿನ ತೆಗೆದರೆ ಅದರಂಥ ಹಾಸಿಗೆ ಇನ್ನೊಂದಿಲ್ಲ, ವಾರಗಟ್ಟಲೆ ಬಿಟ್ಟರೆ ಅದೇ ನೆನೆದ ಸ್ಪಂಜಾಗಿ ಮೇಕೆಯ ಗೊರಸನ್ನು ಹಗಲೂ ರಾತ್ರಿ ನೆನೆಸಿಡುತ್ತದೆ.

ನೆನೆದ ಗೊರಸಿಗೆ ಏನಾಗುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಎರಡು ಗೊರಸುಗಳ ನಡುವಿನ ಚರ್ಮ ಮೊದಲು ಬಿಳಿಚಿಕೊಂಡು, ಬಹಳ ಹೊತ್ತು ನೀರಿನಲ್ಲಿದ್ದ ಬೆರಳಿನಂತೆ ಸುಕ್ಕಾಗುತ್ತದೆ; ಆಮೇಲೆ ಬಿರಿದು ಕೆಂಪಾಗುತ್ತದೆ; ಆ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳು ಗೊರಸಿನ ಗಟ್ಟಿ ಹೊದಿಕೆಯನ್ನು ಒಳಗಿನ ಮೃದು ಭಾಗದಿಂದ ಬಿಡಿಸುತ್ತ ಹೋಗುತ್ತವೆ. ಕೊಳೆತ ವಾಸನೆ ಬರುವ ಹೊತ್ತಿಗೆ ಮೇಕೆ ಮುಂಗಾಲುಗಳ ಮಂಡಿಯೂರಿ ಮೇಯತೊಡಗಿರುತ್ತದೆ. ಕಾಲುಕೊಳೆ ಎಂದು ಕರೆಯುವ ಈ ರೋಗಕ್ಕೆ ಮದ್ದು ದುಬಾರಿಯದಲ್ಲ: ಬೆಳೆದ ಗೊರಸನ್ನು ಕತ್ತರಿಸಿ ಸಮ ಮಾಡಿ, ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸತುವಿನ ಸಲ್ಫೇಟ್ ಕರಗಿಸಿದ ತೊಟ್ಟಿಯಲ್ಲಿ ಕೆಲವು ನಿಮಿಷ ನಿಲ್ಲಿಸಿ, ಒಣ ನೆಲಕ್ಕೆ ಬಿಡುವುದು. ತೆಂಗಿನ ಸುಳಿಕೊಳೆಗೆ ಬೋರ್ಡೋ ಮುಲಾಮು ಕಲಸಿ ಅಭ್ಯಾಸವಿರುವ ತೋಟದ ಮನೆಗಳಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದ್ದೇ ಇರುತ್ತದೆ; ಅದರ ಶೇಕಡ 5ರ ದ್ರಾವಣವೂ ಆಗುತ್ತದೆ, ಆದರೆ ಪ್ರಾಣಿ ಅದನ್ನು ಕುಡಿಯಬಾರದು, ತಾಮ್ರದ ವಿಷ ಬೇಗ ಏರುವ ಕುರಿಗಳು ಹಿಂಡಿನಲ್ಲಿದ್ದರೆ ಅದರ ಗೊಡವೆಗೇ ಹೋಗಬಾರದು.

ಇನ್ನು ಕಣ್ಣಿಗೆ ಕಾಣದ ಹಸಿಯೆಂದರೆ ಹುಲ್ಲಿನದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅದರ ಹೊಟ್ಟೆಬಾಕತನಕ್ಕಿಂತ ಅದರ ಜಾಣತನವನ್ನು ಹೇಳುತ್ತದೆ. ಸ್ವಭಾವತಃ ಮೇಕೆ ಎತ್ತರದ ಚಿಗುರು ಕೀಳುವ ಪ್ರಾಣಿ, ನೆಲಕ್ಕೆ ಬಾಯಿ ಹಾಕುವುದು ಬೇರೆ ಗತಿಯಿಲ್ಲದಾಗ. ಜಂತುಹುಳುಗಳಲ್ಲಿ ಅತಿ ಕ್ರೂರಿಯಾದ ಹೀಮಾಂಕಸ್, ಅಂದರೆ ಜಠರದ ಗೋಡೆಗೆ ಕಚ್ಚಿ ರಕ್ತ ಹೀರುವ ಎಳೆಯಂಥ ಹುಳು, ದಿನಕ್ಕೆ ಸಾವಿರಾರು ಮೊಟ್ಟೆಯಿಡುತ್ತದೆ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆ ಬೆಚ್ಚನೆಯ ತೇವದಲ್ಲಿ ಒಡೆದು, ಮರಿಹುಳು ಹುಲ್ಲಿನ ಮೇಲಿನ ನೀರಿನ ಪೊರೆಯನ್ನೇ ಏಣಿಯಾಗಿಸಿಕೊಂಡು ಕೆಲವು ಅಂಗುಲ ಏರಿ ಬಾಯಿಗಾಗಿ ಕಾಯುತ್ತದೆ. ಬಿಸಿಲೇರಿ ಹುಲ್ಲು ಆರಿದ ಮೇಲೆ ಹಿಂಡು ಬಿಡುವ ಹಳೆಯ ಕುರಿಗಾಹಿಗಳ ಕ್ರಮಕ್ಕೆ, ಹಲಸು, ಅಗಸೆ, ಗೊಬ್ಬರಗಿಡದ ಸೊಪ್ಪನ್ನು ಕಟ್ಟುಕಟ್ಟಿ ಮೇಕೆಯ ತಲೆಯ ಎತ್ತರಕ್ಕೆ ತೂಗುಹಾಕುವ ರೂಢಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

> ಕಣ್ಣರೆಪ್ಪೆ ಹೇಳುವ ಲೆಕ್ಕ
>
> ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಬಣ್ಣ ನೋಡುವ, ಕೆಂಪಿನಿಂದ ಬಿಳುಪಿನವರೆಗೆ ಐದು ದರ್ಜೆಗಳ ಪಟ್ಟಿಯೊಂದು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡಿತು. ಅಲ್ಲಿನ ಪಶುವೈದ್ಯ ಫಾಫಾ ಮಲಾನ್ ಹೆಸರಿನಿಂದ ಅದು ‘ಫಮಾಚ’ ಎನಿಸಿಕೊಂಡಿದೆ. ಕೆಂಪಿದ್ದರೆ ಮದ್ದು ಬೇಡ, ಬಿಳಿಚಿದ್ದರೆ ತಡ ಬೇಡ. ಇಡೀ ಹಿಂಡಿಗೆ ತಿಂಗಳಿಗೊಮ್ಮೆ ಒಂದೇ ಮದ್ದು ಕುಡಿಸುವುದರಿಂದ ಹುಳುಗಳೇ ಮದ್ದಿಗೆ ಒಗ್ಗಿಹೋಗುತ್ತವೆ. ದವಡೆಯಡಿ ನೀರು ತುಂಬಿ ಊದಿಕೊಂಡಿದ್ದರೆ ರಕ್ತ ಬಹಳ ಹೋಗಿದೆಯೆಂದೇ ಅರ್ಥ.

ಹೊಸ ಮಳೆಗೆ ಚಿಗುರಿದ ಹುಲ್ಲಿನಲ್ಲಿ ನಾರು ಕಡಿಮೆ. ಬೇಸಿಗೆಯ ಬರಗಾಲದ ನಂತರ ಅದನ್ನು ಒಮ್ಮೆಲೇ ತಿಂದಾಗ ಕರುಳಿನ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ದಿಢೀರನೆ ಬೆಳೆದು ವಿಷ ಕಾರುತ್ತವೆ. ಕರುಳುಬೇನೆ ಎಂಬ ಈ ರೋಗಕ್ಕೆ ಸಿಕ್ಕ, ಸಂಜೆ ಚೆನ್ನಾಗಿದ್ದ ಕೊಬ್ಬಿದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಮುಂಗಾರಿಗೆ ಮುನ್ನ ಲಸಿಕೆ, ಮೇಯಲು ಬಿಡುವ ಮುನ್ನ ಒಂದು ಹಿಡಿ ಹುರುಳಿ ಹೊಟ್ಟು ಅಥವಾ ರಾಗಿ ಹುಲ್ಲು: ಇಷ್ಟೇ ರಕ್ಷಣೆ. ಒಣಮೇವಿಗೆ ಇನ್ನೊಂದು ಗುಣವೂ ಇದೆ. ಅದು ಹೊಟ್ಟೆಯಲ್ಲಿ ನಿಧಾನವಾಗಿ ಹುದುಗುವಾಗ ಹುಟ್ಟುವ ಶಾಖವೇ ಥಂಡಿ ರಾತ್ರಿಯಲ್ಲಿ ಮೇಕೆಯ ಒಲೆ. ಬೂಷ್ಟು ಹಿಡಿದ ಹುಲ್ಲು ಮಾತ್ರ ಮೇವಲ್ಲ, ವಿಷ. ಹಿರೇಬೇನೆ ಅಥವಾ ಪಿ.ಪಿ.ಆರ್. ಎಂಬ ವೈರಾಣು ರೋಗ ಒತ್ತೊತ್ತಾಗಿ ಕೂಡಿಹಾಕಿದ ಹಿಂಡಿನಲ್ಲಿ ಬೇಗ ಹಬ್ಬುತ್ತದೆ. 2030ರೊಳಗೆ ಅದನ್ನು ಜಗತ್ತಿನಿಂದಲೇ ತೊಲಗಿಸುವ ಗುರಿಯಿದೆ, ಪಶುಸಂಗೋಪನಾ ಇಲಾಖೆ ಅದರ ಲಸಿಕೆ ಹಾಕುತ್ತದೆ.

ಮೇಕೆಯ ಗರ್ಭಕಾಲ ಸುಮಾರು 150 ದಿನ. ರೋಹಿಣಿ, ಮೃಗಶಿರೆಯ ಚಿಗುರು ತಿಂದು ಬೆದೆಗೆ ಬಂದ ಮೇಕೆಗಳು ಮರಿ ಹಾಕುವುದು ಹೀಗಾಗಿ ಸ್ವಾತಿ ಮತ್ತು ಅದರಾಚೆಯ ಚಳಿಮಳೆಯಲ್ಲಿ. ಒದ್ದೆಯಾಗಿಯೇ ಹುಟ್ಟುವ ಮರಿಗೆ ಒದ್ದೆ ನೆಲವೂ ಸೇರಿದರೆ ಮೊದಲ ರಾತ್ರಿ ಕಳೆಯುವುದೇ ಕಷ್ಟ. ತಾಯಿ ನೆಕ್ಕಿದ ಮೇಲೂ ಒಣ ಗೋಣಿಯಿಂದ ಮೈ ತಿಕ್ಕಿ, ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಒಣ ಹುಲ್ಲು ತುಂಬಿದ ಬಿದಿರಿನ ಕುಕ್ಕೆಯಲ್ಲಿ ಮಲಗಿಸುವ ಮುದುಕಿಯರ ಕ್ರಮಕ್ಕೆ ಪಶುವೈದ್ಯ ಶಾಸ್ತ್ರ ಸೇರಿಸಬೇಕಾದದ್ದು ಹೊಕ್ಕುಳಿಗೆ ಅಯೋಡಿನ್ ಹಚ್ಚುವುದೊಂದೇ. ರಾಜಸ್ಥಾನದ ಒಣ ಸೀಮೆಯ ಸಿರೋಹಿ, ದಕ್ಷಿಣ ಆಫ್ರಿಕಾದ ಬೋಯರ್ ಮುಂತಾದ ದುಬಾರಿ ತಳಿಗಳನ್ನು ತಂದವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇದೇ ನೆಲದಲ್ಲಿ ಬೆಳೆದುಬಂದ ನಂದಿದುರ್ಗ ಮೇಕೆ ಇಲ್ಲಿನ ಹವೆಗೆ ಒಗ್ಗಿದ ತಳಿ.

ಚಿಕ್ಕನಾಯಕನಹಳ್ಳಿ ಕಂಬಳಿ ನೇಯ್ಗೆಗೆ ಹೆಸರಾದ ಊರು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಬಿರುಸು ಕಂಬಳಿಯನ್ನು ಕೊಪ್ಪೆ ಹಾಕಿಕೊಂಡರೆ ನೀರು ಮೇಲೆಯೇ ಜಾರುತ್ತದೆ, ಒಳಗೆ ಮೈ ಬೆಚ್ಚಗಿರುತ್ತದೆ. ಕುರಿ ತನ್ನ ಉಣ್ಣೆಯಿಂದ ತನ್ನನ್ನೂ ಕಾಪಾಡಿಕೊಂಡು ಕಾಯುವವನನ್ನೂ ಕಾಪಾಡುತ್ತದೆ. ಮೇಕೆಗೆ ಕೊಡಲು ಉಣ್ಣೆಯಿಲ್ಲ, ಹೊದೆಯಲೂ ಇಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮೇಕೆ ಸತ್ತರೆ, ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ರಾಜ್ಯದ ಅನುಗ್ರಹ ಯೋಜನೆಯಡಿ ಕುರಿ, ಮೇಕೆಯ ಆಕಸ್ಮಿಕ ಸಾವಿಗೆ ಪರಿಹಾರವಿದ್ದು, 2025–26ರ ಬಜೆಟ್ ಅದನ್ನು 5,000 ರೂಪಾಯಿಯಿಂದ 7,500ಕ್ಕೆ ಏರಿಸಿದೆ. ಕಾಯಿಲೆ ಬಿದ್ದಾಗ ಕರೆಯಬೇಕಾದ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾಲಯದ ಸಂಖ್ಯೆ 1962.

ಅದಕ್ಕೂ ಮೊದಲು ಮಾಡಬಹುದಾದ, ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಇಂದು ರಾತ್ರಿ ಮೇಕೆಗಳು ಮಲಗಿದ ಮೇಲೆ ಶೆಡ್ಡಿಗೆ ಹೋಗಿ, ಅವುಗಳ ಮೂಗಿನ ಮಟ್ಟಕ್ಕೆ ಬಗ್ಗಿ ಕುಳಿತು ಹತ್ತು ಸಲ ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ, ಬೆಳಗಾಗುವವರೆಗೆ ಕಾಯದೆ ಒಂದು ಕಡೆಯ ಟಾರ್ಪಾಲು ಎತ್ತಿ ಕಟ್ಟಿ.